ಇಳಿಯುವ ಹೊತ್ತಿನ ಕಾರಣವಿಚಾರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೀಮೆಯಲ್ಲಿ ಹೆಲಿಕಾಪ್ಟರು ಹತ್ತಿರದಿಂದ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಚುನಾವಣೆಯ ಕಾಲದಲ್ಲಿ. ಮೈದಾನದ ನಡುವೆ ಸುಣ್ಣದಿಂದ ದೊಡ್ಡದೊಂದು ವೃತ್ತವನ್ನೆಳೆದು ಅದರೊಳಗೆ ಇಂಗ್ಲಿಷಿನ ಎಚ್ ಅಕ್ಷರವನ್ನು ಬರೆದಿರುತ್ತಾರೆ. ಸದ್ದು ಕೇಳಿಸಿದೊಡನೆ ಹುಡುಗರು ಓಡುತ್ತಾರೆ. ವೃದ್ಧರೂ ಹುಬ್ಬಿನ ಮೇಲೆ ಕೈಯಿಟ್ಟು ಮೇಲೆ ನೋಡುತ್ತಾರೆ. ಯಂತ್ರವು ನೆಲಕ್ಕೆ ಸಮೀಪಿಸಿದಷ್ಟೂ ಅಪಾಯ ಕಳೆಯಿತೆಂದು ನೋಡುವವರ ಭಾವನೆ. ನಿಜವಾದ ಸಂಗತಿ ಇದಕ್ಕೆ ವಿರುದ್ಧವಾದುದು. ಎತ್ತರ, ವೇಗ ಎಂಬ ಎರಡು ಗಂಟುಗಳು ಕೈಯಲ್ಲಿರುವವರೆಗೆ, ಏನಾದರೂ ಕೆಟ್ಟರೆ ಸರಿಪಡಿಸಿಕೊಳ್ಳಲು ವೈಮಾನಿಕನಿಗೆ ಕೊಂಚವಾದರೂ ಅವಕಾಶವುಂಟು. ಇಳಿಯುವಾಗ ಅವೆರಡನ್ನೂ ಏಕಕಾಲದಲ್ಲಿ ವೆಚ್ಚಮಾಡಿ ಅವನು ಬರಿಗೈಯಾಗುತ್ತಾನೆ.

2021ನೆಯ ಡಿಸೆಂಬರ್ 8ರ ದುರಂತವನ್ನು ವಾಚಕರು ಮರೆತಿರಲಾರರು. ಕೊಯಮತ್ತೂರಿನ ಬಳಿಯ ಸೂಲೂರಿನಿಂದ 11 ಗಂಟೆ 48 ನಿಮಿಷಕ್ಕೆ ಹೊರಟ ವಾಯುಸೇನೆಯ ಎಂಐ-17ವಿ5 ಹೆಲಿಕಾಪ್ಟರು 12 ಗಂಟೆ 15 ನಿಮಿಷಕ್ಕೆ ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ ಇಳಿಯಬೇಕಾಗಿತ್ತು. 12 ಗಂಟೆ 8 ನಿಮಿಷದ ಸುಮಾರಿಗೆ ಸಂಪರ್ಕ ತಪ್ಪಿತು. ಕೂನೂರಿನ ಹತ್ತಿರದ ಕಾಡಿನಲ್ಲಿ ಅದು ಬಿದ್ದು ಉರಿಯಿತು. ಜನರಲ್ ಬಿಪಿನ್ ರಾವತ್ ಹಾಗೂ ಅವರ ಪತ್ನಿಯೂ ಸೇರಿ 14 ಮಂದಿಯಲ್ಲಿ 13 ಮಂದಿ ಅಂದೇ ಮಡಿದರು. ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಒಬ್ಬರು ಬೆಂಗಳೂರಿನ ಸೇನಾ ಆಸ್ಪತ್ರೆಯಲ್ಲಿ ಒಂದು ವಾರ ಜೀವವನ್ನು ಹಿಡಿದಿದ್ದು, 15ರಂದು ಅಸುನೀಗಿದರು.

ಸಂಜೆಯಾಗುವುದರೊಳಗೆ ಊರೂರಿನಲ್ಲಿ ಕಾರಣಗಳು ಸಿದ್ಧವಾಗಿದ್ದುವು. ಶತ್ರುಗಳ ಕೈವಾಡವೆಂದು ಒಬ್ಬರು, ಯಂತ್ರವೇ ಹಳತೆಂದು ಮತ್ತೊಬ್ಬರು. ಕಾರ್ಯದ ಸಮೀಪದಲ್ಲಿ ಇದ್ದದ್ದೆಲ್ಲ ಕಾರಣವಾಗದು, ಮಣ್ಣು ಹೊತ್ತ ಮಾತ್ರಕ್ಕೆ ಕುಂಬಾರನ ಕತ್ತೆ ಮಡಕೆಗೆ ಕಾರಣವಲ್ಲ ಎಂಬುದು ತರ್ಕಶಾಸ್ತ್ರದ ಬಾಲಪಾಠ. ಆದರೆ ದುಃಖದ ದಿನ ಕತ್ತೆಗೇ ಮೊದಲ ಮರ್ಯಾದೆ.

2022ರ ಜನವರಿಯಲ್ಲಿ ಮೂರು ಸೇನೆಗಳ ಜಂಟಿ ತನಿಖೆಯ ಪ್ರಾಥಮಿಕ ನಿರ್ಣಯ ಹೊರಬಿತ್ತು. ಯಂತ್ರದ ವೈಫಲ್ಯವಲ್ಲ, ವಿಧ್ವಂಸಕ ಕೃತ್ಯವಲ್ಲ, ಅಲಕ್ಷ್ಯವೂ ಅಲ್ಲ. ಕಣಿವೆಯಲ್ಲಿ ಹವೆ ಅನಿರೀಕ್ಷಿತವಾಗಿ ಬದಲಾಗಿ ಹೆಲಿಕಾಪ್ಟರು ಮೋಡವನ್ನು ಹೊಕ್ಕಿತು, ವೈಮಾನಿಕನಿಗೆ ದಿಕ್ಕು ನೆಲೆಗಳ ಭ್ರಾಂತಿಯುಂಟಾಯಿತು, ಹತೋಟಿಯಲ್ಲಿದ್ದ ಯಂತ್ರವೇ ನೆಲಕ್ಕೆ ಬಡಿಯಿತು ಎಂದು ಅದರ ಸಾರ. 2024ರ ಡಿಸೆಂಬರಿನಲ್ಲಿ ಸಂಸತ್ತಿನ ಸ್ಥಾಯೀ ಸಮಿತಿಯ ವರದಿಯ ಪಟ್ಟಿಯಲ್ಲಿ ಇದೇ ಘಟನೆಯ ಎದುರಿಗೆ ಕಾಣಿಸಿಕೊಂಡದ್ದು ‘ಮಾನವ ದೋಷ’ವೆಂಬ ಮಾತು.

ಈ ಎರಡು ಪದಗಳು ಸುಳ್ಳಲ್ಲ, ಆದರೆ ಸಾಲವು. ಮನುಷ್ಯನ ದೋಷಗಳನ್ನು ನಮ್ಮ ಹಿಂದಿನವರು ನಾಲ್ಕಾಗಿ ವಿಂಗಡಿಸಿದ್ದರು: ಭ್ರಮ, ಪ್ರಮಾದ, ವಿಪ್ರಲಿಪ್ಸೆ, ಕರಣಾಪಾಟವ. ಒಂದನ್ನು ಇನ್ನೊಂದಾಗಿ ತಿಳಿಯುವುದು ಭ್ರಮ, ಎಚ್ಚರದಪ್ಪುವುದು ಪ್ರಮಾದ, ವಂಚಿಸುವ ಇಚ್ಛೆ ವಿಪ್ರಲಿಪ್ಸೆ, ಇಂದ್ರಿಯಗಳ ಅಸಾಮರ್ಥ್ಯ ಕರಣಾಪಾಟವ. ಮೋಡದೊಳಗೆ ಹೊರಗಿನ ದಿಗಂತ ಕಾಣದಿದ್ದಾಗ ದೇಹದ ಸಮತೋಲವನ್ನು ತಿಳಿಸಬೇಕಾದುದು ಕಿವಿಯೊಳಗಿನ ಸೂಕ್ಷ್ಮ ನಾಳಗಳ ದ್ರವ. ಮೆಲ್ಲಗೆ ಓರೆಯಾಗುವ ಚಲನೆಯನ್ನು ಅದು ಅರಿಯದು. ತಿರುಗುತ್ತಿರುವವನಿಗೆ ನೆಟ್ಟಗಿರುವೆನೆಂದೇ ತೋರುತ್ತದೆ. ಎಷ್ಟೇ ನುರಿತವನಿಗಾದರೂ ಈ ಕಿವಿಯೇ ಇರುವುದು. ತನಿಖೆ ತಳ್ಳಿಹಾಕಿದ್ದು ಪ್ರಮಾದವನ್ನು, ಒಪ್ಪಿದ್ದು ಭ್ರಮವನ್ನು, ಆ ಭ್ರಮಕ್ಕೆ ಮೂಲ ಕರಣಾಪಾಟವ. ಪಟ್ಟಿಯ ಒಂದೇ ಮಾತು ಇವೆಲ್ಲವನ್ನೂ ಒಂದು ಮೂಟೆಯಲ್ಲಿ ಕಟ್ಟುತ್ತದೆ. ಮೃತನ ಮನೆಯವರು ಅದನ್ನು ಓದುವಾಗ ‘ಅಲಕ್ಷ್ಯ’ವೆಂದೇ ಕೇಳಿಸುವುದರಲ್ಲಿ ಆಶ್ಚರ್ಯವಿಲ್ಲ.

ಇಳಿಯುವಾಗಿನ ಕಾರಣಗಳು ಮೋಡವೊಂದರಿಂದ ಮುಗಿಯುವುದಿಲ್ಲ. ಅವನ್ನರಿಯಲು ನೀಲಗಿರಿಯವರೆಗೆ ಹೋಗಬೇಕಾದ್ದೂ ಇಲ್ಲ. ಶಿರಾ ಸೀಮೆಯ ಒಣಮೈದಾನದಲ್ಲಿ ರೆಕ್ಕೆಗಳ ಗಾಳಿಗೆ ಧೂಳೆದ್ದರೆ, ನೆಲ ಹತ್ತು ಮಾರು ದೂರದಲ್ಲಿರುವಾಗ ಕಾಣದಂತಾಗುತ್ತದೆ. ಮಧುಗಿರಿಯಂಥ ಒಂಟಿ ಬಂಡೆಯ ಬೆಟ್ಟವನ್ನು ದಾಟಿ ಬರುವ ಗಾಳಿ ಮರೆಯ ಪಕ್ಕದಲ್ಲಿ ಕೆಳಕ್ಕೆ ನೂಕುತ್ತದೆ. ಕೊರಟಗೆರೆಯ ಬೆಟ್ಟಸಾಲಿನಲ್ಲಿ ಮಂಜು ಕವಿದರೆ ಕಣಿವೆಯ ಭ್ರಾಂತಿಯೇ ಮತ್ತೆ. ಪಾವಗಡದ ತಿರುಮಣಿಯಲ್ಲಿ 2,050 ಮೆಗಾವಾಟಿನ ಸೌರವಿದ್ಯುತ್ ಕ್ಷೇತ್ರವಾದ ಬಳಿಕ ದೊಡ್ಡ ಗೋಪುರಗಳೂ ತಂತಿಗಳೂ ಬಂದಿವೆ. ಗೋಪುರ ದೂರದಿಂದ ಕಾಣುತ್ತದೆ, ತಂತಿ ಕಾಣುವುದಿಲ್ಲ. ಸೀಮೆಯೆಲ್ಲ ಸಮುದ್ರಮಟ್ಟದಿಂದ 2,000 ಅಡಿಗೆ ಮೇಲೆಯೇ ಇದೆ. ಏಪ್ರಿಲ್ ತಿಂಗಳ ಬಿಸಿಲಿಗೆ ಕಾದ ಗಾಳಿ ಮತ್ತಷ್ಟು ತೆಳುವಾಗಿ ರೆಕ್ಕೆಗೆ ಆಧಾರ ಕಡಿಮೆಯಾಗುತ್ತದೆ. ಚುನಾವಣೆಗಳೂ ಬಹುವಾಗಿ ಅದೇ ತಿಂಗಳುಗಳಲ್ಲಿ!

ಇವೆಲ್ಲಕ್ಕಿಂತ ವಿಚಿತ್ರವಾದುದೊಂದುಂಟು. ಹೆಲಿಕಾಪ್ಟರು ಗಾಳಿಯನ್ನು ಕೆಳಕ್ಕೆ ತಳ್ಳಿ ತಾನು ಮೇಲೆ ನಿಲ್ಲುತ್ತದೆ. ಮುನ್ನಡೆಯ ವೇಗ ಗಂಟೆಗೆ ಸುಮಾರು 40 ಕಿಲೋಮೀಟರಿಗೂ ಕಡಮೆಯಾಗಿ, ನಿಮಿಷಕ್ಕೆ 300 ಅಡಿಗಿಂತ ಹೆಚ್ಚಾಗಿ ನೆಟ್ಟಗೆ ಇಳಿಯತೊಡಗಿದರೆ, ತಾನೇ ತಳ್ಳಿದ ಗಾಳಿಯೊಳಕ್ಕೆ ತಾನು ಇಳಿಯುವ ಸ್ಥಿತಿ ಒದಗಬಹುದು. ಆ ಗಾಳಿ ರೆಕ್ಕೆಗಳ ತುದಿಯಲ್ಲಿ ಮೇಲಕ್ಕೆ ಸುತ್ತಿ ಬಂದು ಮತ್ತೆ ರೆಕ್ಕೆಗಳ ಮೂಲಕವೇ ಕೆಳಕ್ಕೆ ಹರಿಯುತ್ತದೆ. ಯಂತ್ರ ಕುಸಿಯುತ್ತದೆ. ಕುಸಿತ ತಡೆಯಲು ಶಕ್ತಿ ಹೆಚ್ಚಿಸುವುದು ಮನುಷ್ಯನ ಸಹಜ ಪ್ರವೃತ್ತಿ; ಹಾಗೆ ಮಾಡಿದರೆ ಸುಳಿ ಬಲಿಯುತ್ತದೆ. ಮೂಗನ್ನು ತಗ್ಗಿಸಿ ಮುಂದಕ್ಕೋ ಪಕ್ಕಕ್ಕೋ ನುಸುಳಿ ಹೊಸ ಗಾಳಿಗೆ ಹೋಗುವುದೇ ಪರಿಹಾರ. ಅದಕ್ಕೆ ಎತ್ತರ ಬೇಕು. ಆ ಗಂಟನ್ನು ಆಗಲೇ ವೆಚ್ಚಮಾಡಿಯಾಗಿರುತ್ತದೆ.

ಮನುಷ್ಯನ ಕಡೆ ಏನೂ ತಪ್ಪಿಲ್ಲದೆಯೂ ಬೀಳುವುದುಂಟು. ಬೆಂಗಳೂರಿನ ಎಚ್‌ಎಎಲ್ ನಿರ್ಮಿಸಿದ, ಕರಾವಳಿ ಕಾವಲುಪಡೆಯ ಧ್ರುವ ಹೆಲಿಕಾಪ್ಟರು 2025ರ ಜನವರಿ 5ರಂದು ಪೋರಬಂದರಿನ ವಿಮಾನನಿಲ್ದಾಣದಲ್ಲಿ ಬಿದ್ದು ಮೂವರು ತೀರಿಕೊಂಡರು. ರೆಕ್ಕೆಗಳ ಓರೆಯನ್ನು ನಿಯಂತ್ರಿಸುವ ಸ್ವಾಶ್‌ಪ್ಲೇಟ್ ಎಂಬ ಬಿಲ್ಲೆ ಒಡೆದಿತ್ತೆಂದೂ, ಬೀಳುವ ಮುನ್ನ ಮೂರು ನಾಲ್ಕು ಸೆಕೆಂಡು ಯಂತ್ರವು ಕೈಯ ಮಾತು ಕೇಳಲಿಲ್ಲವೆಂದೂ ಪ್ರಾಥಮಿಕ ತನಿಖೆಯಿಂದ ತಿಳಿಯಿತು. ಅದೇ ಬಗೆಯ ಹೆಲಿಕಾಪ್ಟರುಗಳ ಹಾರಾಟವನ್ನೆಲ್ಲ ನಿಲ್ಲಿಸಿ ಪರೀಕ್ಷಿಸಬೇಕಾಯಿತು. 2023ರ ಫೆಬ್ರುವರಿ 6ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದಂದಿನಿಂದ ಈ ಮಾತು ತುಮಕೂರಿನವರಿಗೆ ದೂರದ್ದಲ್ಲ. ಇಲ್ಲಿಯ ಮಕ್ಕಳು ನಾಳೆ ತಿರುಪು ಬಿಗಿಯುವವರೂ ಆಗುವರು.

ಪತನವಾಗದ ಪ್ರಸಂಗವೊಂದು ಬಾಕಿಯಿದೆ. 2023ರ ಮಾರ್ಚ್ 6ರಂದು ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರು ಇಳಿಯಲು ನೆಲಕ್ಕೆ ಹತ್ತಿರ ಬಂದಾಗ, ಮೈದಾನದ ಪ್ಲಾಸ್ಟಿಕ್ ಹಾಳೆಗಳೂ ಚೀಲಗಳೂ ಗಾಳಿಗೆದ್ದು ರೆಕ್ಕೆಗಳ ಕಡೆಗೆ ಹಾರಿದುವು. ಸಭೆಗೆ ಜನ ಕಾದಿದ್ದರು. ಒಳಗೆ ಕುಳಿತವರು ಮಾಜಿ ಮುಖ್ಯಮಂತ್ರಿಗಳು. ವೈಮಾನಿಕನು ಇಳಿಯದೆ ಮತ್ತೆ ಮೇಲಕ್ಕೆ ಒಯ್ದನು. ಕೆಳಗಿನವರು ಕಸವನ್ನು ಆಯ್ದು ತೆಗೆದ ಮೇಲೆ ಹೆಲಿಕಾಪ್ಟರು ಇಳಿಯಿತು.