ಉಪಗ್ರಹ: ಒಂದು ಮೀನು, ಒಂದು ಸಿಗಡಿ

ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವನ್ನು ಪಾಠ ಹೇಳುವಾಗಲೆಲ್ಲ ‘ಉಪಗ್ರಹ’ ಎಂಬ ಪದದ ಬಳಿ ನಿಲ್ಲಬೇಕಾಗುತ್ತದೆ. ಇಂದಿನ ವಿದ್ಯಾರ್ಥಿಗೆ ಅದು ಆಕಾಶದಲ್ಲಿ ಸುತ್ತುವ ಯಂತ್ರ; ಉಮಾಸ್ವಾತಿ ಆಚಾರ್ಯರಿಗೆ ಅದು ಉಪಕಾರ, ಆಸರೆ. ಜೀವಗಳು ಒಂದಕ್ಕೊಂದು ಆಸರೆಯಾಗುತ್ತವೆಂಬುದು ಅಲ್ಲಿಯ ಸೂತ್ರವೊಂದರ ತಾತ್ಪರ್ಯ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಒಡೆಯ-ಆಳು, ಆಚಾರ್ಯ-ಶಿಷ್ಯರ ನಿದರ್ಶನ ಕೊಡುತ್ತಾರೆ.

ಈಚೆಗೆ ನನಗೆ ಇನ್ನೊಂದು ನಿದರ್ಶನ ದೊರೆಯಿತು, ಅದು ಕಡಲಿನದು. ಕೆಂಪು ಸಮುದ್ರದಿಂದ ಪೆಸಿಫಿಕ್‌ವರೆಗೆ, ಹವಳದ ದಿಬ್ಬಗಳ ಬಳಿಯ ಮರಳಿನಲ್ಲಿ, ಗೋಬಿ ಎಂಬ ಸಣ್ಣ ಮೀನೂ ಆಲ್ಫಿಯಸ್ ಕುಲದ ಸಿಗಡಿಯೂ ಒಂದೇ ಬಿಲದಲ್ಲಿ ಬಾಳುತ್ತವೆ. ಬಿಲ ತೋಡುವುದು ಸಿಗಡಿ. ಕುಸಿಯುವ ಮರಳನ್ನು ಹಗಲೆಲ್ಲ ಹೊರಹಾಕುತ್ತಲೇ ಇರಬೇಕು. ಆದರೆ ಅದರ ದೃಷ್ಟಿ ತೀರ ಮಂದ. ಮೀನಿನ ಕಣ್ಣು ಚುರುಕು. ಅಂಥ ಬಿಲ ತೋಡುವುದು ಅದರಿಂದಾಗದು. ಮೀನು ಬಾಗಿಲಲ್ಲಿ ಕಾವಲು ನಿಲ್ಲುತ್ತದೆ. ಹೊರಬಂದ ಸಿಗಡಿ ತನ್ನ ನೀಳವಾದ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡಿರುತ್ತದೆ. ಅಪಾಯ ಕಂಡರೆ ಮೀನು ಬಾಲವನ್ನು ಅದುರಿಸುತ್ತದೆ, ಸಿಗಡಿ ಒಳಸರಿಯುತ್ತದೆ. ಅಪಾಯ ತೀರ ಸಮೀಪಿಸಿದರೆ ಮೀನೂ ತಲೆಮುಂದಾಗಿ ಬಿಲ ಹೊಗುತ್ತದೆ. ಇಲಾನ್ ಕಾರ್ಪ್ಲಸ್ ಮೊದಲಾದ ವಿಜ್ಞಾನಿಗಳು ಕೆಂಪು ಸಮುದ್ರದಲ್ಲಿ ಈ ಸಂಜ್ಞೆಗಳನ್ನು ಅಧ್ಯಯನ ಮಾಡಿದ್ದಾರೆ. ಮತ್ಸ್ಯನ್ಯಾಯವೆಂದರೆ ದೊಡ್ಡದು ಸಣ್ಣದನ್ನು ನುಂಗುವುದೆಂದೇ ನಾವು ಓದಿಬಂದವರು. ಮೀನಿನಲ್ಲಿ ಈ ನ್ಯಾಯವೂ ಉಂಟು.

ಇದನ್ನು ಓದುತ್ತಿದ್ದಂತೆ ನನ್ನ ಗುರುಗಳು ನೆನಪಾದರು. ಕೊನೆಯ ವರ್ಷಗಳಲ್ಲಿ ಅವರ ದೃಷ್ಟಿ ಹೋಗಿತ್ತು. ನಾನು ಓಲೆಗರಿಯನ್ನು ಅಕ್ಷರ ಅಕ್ಷರವಾಗಿ ಓದುತ್ತಿದ್ದೆ. ಅವರು ಮಂಡಿಯ ಮೇಲೆ ಬೆರಳಿನಿಂದ ಮಾತ್ರೆ ಎಣಿಸುತ್ತ ಕೇಳುತ್ತಿದ್ದರು. ಛಂದಸ್ಸಾಗಲಿ ಅರ್ಥವಾಗಲಿ ಮುರಿದಲ್ಲಿ ಬೆರಳು ನಿಲ್ಲುತ್ತಿತ್ತು. “ಇನ್ನೊಮ್ಮೆ ನೋಡಪ್ಪ” ಎನ್ನುವರು. ನೋಡಿದರೆ ನಾನು ‘ವ’ ಎಂದು ಓದಿದ್ದು ‘ಪ’ ಆಗಿರುತ್ತಿತ್ತು.

ನನ್ನ ಮಹಾಪ್ರಬಂಧದ ಅರಿಕೆಯಲ್ಲಿ, ಗುರುಗಳಿಗೆ ಕಣ್ಣಾಗುವ ಭಾಗ್ಯ ನನ್ನದಾಯಿತು ಎಂದು ಬರೆದಿದ್ದೆ. ಈಗ ಆ ವಾಕ್ಯ ಚುಚ್ಚುತ್ತದೆ. ನಾನು ಕಾವಲು ನಿಂತದ್ದು ಅವರು ಆಯುಷ್ಯವಿಡೀ ತೋಡಿದ ಬಿಲದ ಬಾಗಿಲಲ್ಲಿ. ಅವರು ಹೋದ ಮೇಲೆ ಅದೇ ಕಟ್ಟನ್ನು ಬಿಚ್ಚಿ ಒಬ್ಬನೇ ಕುಳಿತೆ. ಕಣ್ಣಿತ್ತು, ತಪ್ಪಿದಲ್ಲಿ ನಿಲ್ಲುವ ಬೆರಳಿರಲಿಲ್ಲ. ಹತ್ತು ಗರಿ ದಾಟಲು ಒಂದು ಬೇಸಿಗೆ ಬೇಕಾಯಿತು.

ಮೀನಿಗೆ ಕರುಣೆಯೆಲ್ಲಿಯದು, ಅದು ಅಗತ್ಯವಷ್ಟೇ ಎಂದು ಯಾರಾದರೂ ಆಕ್ಷೇಪಿಸಬಹುದು. ಸೂತ್ರವೂ ಕರುಣೆಯ ಮಾತನ್ನಾಡುವುದಿಲ್ಲ, ಪರಸ್ಪರತೆಯನ್ನು ಹೇಳುತ್ತದೆ. ಕೊಟ್ಟವನು ತಾನೆಂದು ತಿಳಿದವನು ಪಡೆದುದನ್ನು ಮರೆತಿರುತ್ತಾನೆ. ಪ್ರಬಂಧ ಮರುಮುದ್ರಣವಾಗುವುದಾದರೆ ಅರಿಕೆಯ ಆ ಒಂದು ವಾಕ್ಯವನ್ನು ತಿದ್ದಬೇಕೆಂದಿದ್ದೇನೆ.