ಎರವಲು ಕ್ಯಾಮರಾ ಕಲಿಸಿದ ಪಾಠ

ಎರವಲು ತಂದ ವಸ್ತುವಿಗೆ ಒಂದು ವಿಶೇಷ ಗುಣವುಂಟು. ಅದು ನಮ್ಮದಲ್ಲವೆಂಬ ಅರಿವೇ ನಮ್ಮನ್ನು ಎಚ್ಚರದಲ್ಲಿರಿಸುತ್ತದೆ. ಮರಳಿಸಬೇಕಾದ ದಿನ ಗೊತ್ತಿರುವುದರಿಂದ ಕಲಿಕೆಯೂ ಚುರುಕಾಗುತ್ತದೆ. 1986ರ ಬೇಸಿಗೆಯಲ್ಲಿ ನಮ್ಮೂರ ಮಾಸ್ತರರೊಬ್ಬರು ಒಂದು ತಿಂಗಳ ಮಟ್ಟಿಗೆ ಕೊಟ್ಟ ಪೆಂಟಾಕ್ಸ್ ಕೆ-1000 ಕ್ಯಾಮರಾದಿಂದ ನಾನು ಈ ಮಾತಿನ ಸತ್ಯವನ್ನು ಅರಿತೆನು.

ಆಗ ನನಗಿದ್ದುದು ಒಂದೇ ಆಸೆ. ಎಂಬತ್ತು ದಾಟಿದ ನಮ್ಮ ಅಜ್ಜಿಯ ಭಾವಚಿತ್ರ ಮನೆಯಲ್ಲಿ ಒಂದೂ ಇರಲಿಲ್ಲ. ಸ್ಟುಡಿಯೋದವರೆಗೆ ಹೋಗುವ ಶಕ್ತಿಯೂ ಆಕೆಗೆ ಉಳಿದಿರಲಿಲ್ಲ. ನನ್ನಲ್ಲಿದ್ದ ಹಣಕ್ಕೆ ಮೂವತ್ತಾರು ಚಿತ್ರಗಳ ಎರಡು ಸುರುಳಿಗಳು ಮಾತ್ರ ಬಂದವು. ಒಂದು ಕಲಿಯುವುದಕ್ಕೆ, ಇನ್ನೊಂದು ಅಜ್ಜಿಗೆ ಎಂದು ನಿಶ್ಚಯಿಸಿಕೊಂಡೆನು.

ಆ ಯಂತ್ರದಲ್ಲಿ ಯಾವುದೂ ತಾನಾಗಿ ನಡೆಯದು. ಮಸೂರದ ಮೇಲೆ ಎರಡು ಬಳೆಗಳು: ಒಂದು ದೂರವನ್ನು ಹೊಂದಿಸಲು, ಮತ್ತೊಂದು ಬೆಳಕಿನ ಕಿಂಡಿಯನ್ನು ಹಿರಿದು ಕಿರಿದು ಮಾಡಲು. ಕಿಂಡಿಯ ಅಂಕಿಗಳು 2, 2.8, 4, 5.6, 8, 11, 16, 22. ಅಂಕಿ ಒಂದು ಮೆಟ್ಟಿಲು ಏರಿದರೆ ಬೆಳಕು ಅರ್ಧಕ್ಕಿಳಿಯುತ್ತದೆ. ಬೆಳಕನ್ನಳೆಯುವ ಸೂಜಿಯೊಂದು ಇದ್ದಿತಾದರೂ ಅದರ ಸೆಲ್ಲು ಮುಗಿದಿತ್ತು. ಹೊಸದು ನಮ್ಮೂರಿನಲ್ಲಿ ದೊರೆಯುತ್ತಿರಲಿಲ್ಲ. "ಸೂಜಿ ಹೋದರೆ ಹೋಗಲಿ ತಮ್ಮಾ, ನೆರಳು ನೋಡಿ ಬೆಳಕು ಹೇಳಲಿಕ್ಕೆ ಕಲಿ" ಎಂದರು ಮಾಸ್ತರರು.

ಅವರು ಹೇಳಿಕೊಟ್ಟ ಸೂತ್ರ ಸರಳವಾದುದು. 100ರ ಫಿಲ್ಮಿಗೆ ಶಟರಿನ ವೇಗ ಸೆಕೆಂಡಿನ 1/125 ಇರಲಿ. ನಿಚ್ಚಳ ಬಿಸಿಲಿಗೆ ಕಿಂಡಿ 16. ನೆರಳಿನ ಅಂಚು ಮಸುಕಾದರೆ 11. ನೆರಳು ಕಂಡೂ ಕಾಣದಂತಿದ್ದರೆ 8. ನೆರಳೇ ಬೀಳದ ದಟ್ಟ ಮೋಡಕ್ಕೆ 5.6; ಮರದಡಿಯ ತಂಪಿಗೆ 4. ಪ್ರತಿಯೊಂದು ಚಿತ್ರದ ಅಂಕಿಗಳನ್ನೂ ನೆರಳಿನ ರೀತಿಯನ್ನೂ ನೋಟುಪುಸ್ತಕದಲ್ಲಿ ಬರೆದಿಟ್ಟೆನು. ಮೊದಲ ಸುರುಳಿಯನ್ನು ತೊಳೆಸಿ ತಂದಾಗ ಆ ಬರಹವೇ ನನಗೆ ಗುರುವಾಯಿತು.

ಅಜ್ಜಿಯನ್ನು ಬಾಗಿಲ ಬಳಿ ಕುಳ್ಳಿರಿಸಿದೆನು. ಒಳಮನೆಯ ಬೆಳಕು ಮಂದವಾಗಿದ್ದುದರಿಂದ ಕಿಂಡಿಯನ್ನು 2ಕ್ಕೆ ತೆರೆದು, ವೇಗವನ್ನು 1/30ಕ್ಕೆ ಇಳಿಸಿ, ಮೊಣಕೈಯನ್ನು ಕಂಬಕ್ಕೆ ಊರಿದೆನು. ಇಷ್ಟು ತೆರೆದ ಕಿಂಡಿಯಲ್ಲಿ, ಒಂದು ಮೀಟರು ದೂರದಲ್ಲಿ, ಸ್ಫುಟವಾಗಿ ಮೂಡುವ ಆಳ ಸುಮಾರು ಐದು ಸೆಂಟಿಮೀಟರು ಮಾತ್ರ. ಕಣ್ಣು ಸ್ಪಷ್ಟವಾದರೆ ಕಿವಿ ಮಸುಕು. ಆದುದರಿಂದ ಕಣ್ಣನ್ನೇ ಆರಿಸಿಕೊಳ್ಳಬೇಕು. ನೋಟಗಿಂಡಿಯ ನಡುವೆ ನಡುಗುತ್ತಿದ್ದ ಕಣಗಳು ಶಾಂತವಾಗುವವರೆಗೆ ಬಳೆಯನ್ನು ಮೆಲ್ಲಗೆ ತಿರುಗಿಸುತ್ತ ಹೋದಂತೆ, ಆ ಮುಖದ ಒಂದೊಂದು ಗೆರೆಯನ್ನೂ ನಾನು ಮೊದಲ ಬಾರಿಗೆ ಕಂಡೆನು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ಅಷ್ಟು ಹೊತ್ತು ಆಕೆಯನ್ನು ದಿಟ್ಟಿಸಿ ನೋಡಿರಲಿಲ್ಲ. "ಇನ್ನೂ ಎಷ್ಟು ನೋಡ್ತೀಯೋ?" ಎಂದು ಆಕೆ ನಕ್ಕ ಕ್ಷಣವೇ ಚಿತ್ರವಾಯಿತು.

ತಿಂಗಳು ತುಂಬಿದ ದಿನ ಕ್ಯಾಮರಾವನ್ನು ಒರೆಸಿ ಮರಳಿಸಿದೆನು. 1988ರಲ್ಲಿ ಅಜ್ಜಿ ತೀರಿಕೊಂಡಳು. ಮನೆಯಲ್ಲಿ ಇಂದಿಗೂ ಇರುವುದು ಆ ನಗುವೇ.

ಇಂದು ಪ್ರತಿಯೊಬ್ಬರ ಕೈಯ ಫೋನೂ ಬೆಳಕನ್ನು ತಾನೇ ಅಳೆದು ಚಿತ್ರ ತೆಗೆಯುತ್ತದೆ. ಇದು ಒಳ್ಳೆಯದೇ. ಆದರೆ ನೋಡುವ ಕೆಲಸವನ್ನು ಯಾವ ಯಂತ್ರವೂ ನಮ್ಮ ಪರವಾಗಿ ಮಾಡದು. ತಮ್ಮ ಮನೆಯಲ್ಲಿ ಹಿರಿಯರಿದ್ದರೆ, ಫೋನನ್ನು ಎತ್ತುವ ಮುನ್ನ ಅವರ ಮುಖದ ಮೇಲೆ ಬೆಳಕು ಯಾವ ಕಡೆಯಿಂದ ಬೀಳುತ್ತಿದೆಯೆಂದು ಒಂದು ಗಳಿಗೆ ನಿಂತು ನೋಡಿರಿ. ಅವರೊಡನೆ ನಮಗಿರುವ ಕಾಲವೂ ಎರವಲಿನದೇ ಅಲ್ಲವೆ?