ದಂಡೆಗೆ ಬಂದ ದೋಣಿ

ಹಳೆಯದನ್ನು ಎಸೆಯಲು ಉತ್ತರ ಕರ್ನಾಟಕದ ಮನೆಗಳಲ್ಲಿ ಸುಲಭಕ್ಕೆ ಮನಸ್ಸು ಬರುವುದಿಲ್ಲ. ಹರಿದ ಸೀರೆ ಕೌದಿಯಾಗುತ್ತದೆ, ಮುರಿದ ನೇಗಿಲು ಒಲೆಗೆ ಹೋಗುತ್ತದೆ, ಬಾಯಿ ಒಡೆದ ಗಡಿಗೆಯಲ್ಲಿ ತುಳಸಿ ಚಿಗುರುತ್ತದೆ. ಆದರೆ ಹಿತ್ತಲಿನಲ್ಲಿ ಬೋರಲಾಗಿ ಬಿದ್ದ ಹಳೆಯ ಫೈಬರ್‌ಗ್ಲಾಸ್ ದೋಣಿಯ ಕತೆ ಬೇರೆ. ಅದು ಮರದಂತೆ ಮಣ್ಣಾಗುವುದಿಲ್ಲ, ಕಬ್ಬಿಣದಂತೆ ಕರಗಿಸಲು ಬರುವುದಿಲ್ಲ, ಸುಟ್ಟರೆ ವಿಷದ ಹೊಗೆ. ಇಟ್ಟುಕೊಳ್ಳಬೇಕೋ, ಬಿಡಬೇಕೋ, ರಿಪೇರಿ ಮಾಡಿಸಬೇಕೋ ಎಂಬ ಪ್ರಶ್ನೆ ಮಾತ್ರ ಪ್ರತಿ ಮಳೆಗಾಲಕ್ಕೂ ತಪ್ಪದೆ ಎದ್ದು ಕೂರುತ್ತದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಜನಕ್ಕೆ ದೋಣಿ ಮೋಜಿನ ವಸ್ತುವಲ್ಲ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಘಟಪ್ರಭೆ. ರಬಕವಿಯಿಂದ ಎದುರು ದಂಡೆಯ ಮಹಿಷವಾಡಗಿಗೆ ಜನ ದೋಣಿಯಲ್ಲಿ ದಾಟಿದ್ದು ಬಹಳ ವರ್ಷಗಳ ಮಾತು. ಬೀಳಗಿಯ ಕಡೆಗೆ ಆಲಮಟ್ಟಿಯ ಹಿನ್ನೀರು ಹರಡಿದೆ. 2005, 2009, 2019ರಲ್ಲಿ ನೆರೆ ಬಂದಾಗ ಈ ಭಾಗದ ಜನ ನೀರನ್ನು ಹತ್ತಿರದಿಂದಲೇ ಕಂಡರು. ಅಂಥ ಹೊತ್ತಿನಲ್ಲಿ ದೋಣಿಯೊಂದು ಇದ್ದರೆ ಎಷ್ಟು ಧೈರ್ಯ ಎಂಬುದನ್ನು ಮಾಳಿಗೆಯ ಮೇಲೆ ರಾತ್ರಿ ಕಳೆದವರಿಗೆ ಹೇಳಿಕೊಡಬೇಕಾಗಿಲ್ಲ.

ನದಿಯ ದಂಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ತಂದೆ ಹಳೆಯ ದೋಣಿಯ ಬೆನ್ನು ಸವರಿ, "ಇಪ್ಪತ್ತ ವರ್ಷ ದುಡದೈತಿ ತಮ್ಮಾ. ಒಂದೀಟ ತೇಪಿ ಹಚ್ಚಿ ಬಣ್ಣ ಬಳದ್ರ ಮತ್ತ ನಡೀತೈತಿ" ಎನ್ನುತ್ತಾನೆ. ಡಿಪ್ಲೊಮಾ ಓದುವ ಮಗ, "ಅಪ್ಪಾ, ಬಣ್ಣ ಬಳದ್ರ ಚಂದ ಕಾಣತೈತಿ ಖರೆ. ಒಳಗ ಏನ ಆಗೇತಿ ಅಂತ ಯಾರ ನೋಡ್ಯಾರ?" ಎಂದು ಕೇಳುತ್ತಾನೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ತಂದೆಯದು ಋಣದ ಮಾತು, ಮಗನದು ಪರೀಕ್ಷೆಯ ಮಾತು. ತೀರ್ಮಾನಕ್ಕೆ ಎರಡೂ ಬೇಕು. ಆದರೆ ಪರೀಕ್ಷೆ ಮೊದಲು ನಡೆಯಬೇಕು.

ಫೈಬರ್‌ಗ್ಲಾಸ್ ಎಂದರೇನು ಎಂಬುದು ಬನಹಟ್ಟಿಯ ನೇಕಾರರ ಮಕ್ಕಳಿಗೆ ಬೇಗ ಅರ್ಥವಾದೀತು. ಗಾಜನ್ನು ಕರಗಿಸಿ ಕೂದಲಿಗಿಂತ ಸಣ್ಣ ಎಳೆಯಾಗಿ ಎಳೆಯುತ್ತಾರೆ. ಆ ಎಳೆಗಳನ್ನು ಹಾಸು-ಹೊಕ್ಕಾಗಿ ನೇಯ್ದು ಬಟ್ಟೆ ಮಾಡುತ್ತಾರೆ, ಇಲ್ಲವೇ ತುಂಡು ಎಳೆಗಳನ್ನು ಹರಡಿ ಚಾಪೆಯಂತೆ ಮಾಡುತ್ತಾರೆ. ಒಂದರ ಮೇಲೊಂದು ಪದರವಿಟ್ಟು ರಾಳ ಹಚ್ಚುತ್ತಾರೆ. ಸೀರೆಗೆ ಗಂಜಿ ಕೊಟ್ಟ ಹಾಗೆಯೇ. ವ್ಯತ್ಯಾಸವಿಷ್ಟೇ, ಈ ಗಂಜಿ ಒಮ್ಮೆ ಗಟ್ಟಿಯಾದರೆ ನೀರಿಗೂ ಬಿಡುವುದಿಲ್ಲ, ಬೆಂಕಿಗೂ ಮತ್ತೆ ಕರಗುವುದಿಲ್ಲ. ಬಲ ಕೊಡುವುದು ಎಳೆ, ಎಳೆಗಳನ್ನು ಹಿಡಿದಿಡುವುದು ರಾಳ. ಎಳೆಯಿಂದ ರಾಳ ಬಿಟ್ಟರೆ, ಪದರದಿಂದ ಪದರ ಕಳಚಿದರೆ, ಮೇಲಿನ ಹೊಳಪು ಎಷ್ಟಿದ್ದರೂ ದೋಣಿ ಸೋತಂತೆಯೇ.

ಅದನ್ನು ಪತ್ತೆ ಹಚ್ಚುವ ಮೊದಲ ಉಪಾಯ ಸಂತೆಯಲ್ಲಿ ಗಡಿಗೆ ಕೊಳ್ಳುವ ಅಜ್ಜಿಗೆ ಗೊತ್ತಿರುವುದೇ. ಬಡಿದು ನೋಡುವುದು. ಸಣ್ಣ ಮರದ ಸುತ್ತಿಗೆಯಿಂದ ಗೇಣಿಗೊಂದು ಕಡೆ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಗಟ್ಟಿ ಇದ್ದಲ್ಲಿ ಸದ್ದು ಸ್ಪಷ್ಟವಾಗಿ ಬರುತ್ತದೆ. ಪದರ ಬಿಟ್ಟಲ್ಲಿ, ನೀರು ಕುಡಿದಲ್ಲಿ ಸದ್ದು ಸತ್ತಿರುತ್ತದೆ. ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಹೊರಗಿನ ಬಣ್ಣದ ಪದರದಲ್ಲಿ ಕೂದಲಿನಂಥ ಬಿರುಕುಗಳಿದ್ದರೆ ಅವೆಲ್ಲ ಅಪಾಯವಲ್ಲ. ಬಿರುಕು ಒಳಗಿನ ಎಳೆಯವರೆಗೆ ಇಳಿದಿದ್ದರೆ ಅಪಾಯ. ತಳದಲ್ಲಿ ಬೊಬ್ಬೆಗಳೆದ್ದಿದ್ದರೆ ನೀರು ಮೆಲ್ಲಗೆ ಒಳಗೆ ಸೇರಿದೆ ಎಂದರ್ಥ. ಕೆಲವು ಬೊಬ್ಬೆ ಇದ್ದ ಮಾತ್ರಕ್ಕೆ ದೋಣಿ ಕೆಟ್ಟಿತೆನ್ನಬೇಕಾಗಿಲ್ಲ. ತಳದ ತುಂಬ ಇದ್ದರೆ ಯೋಚಿಸಬೇಕು.

ಹಳೆಯ ದೋಣಿ ಸಾಯುವುದು ಅನೇಕ ಸಲ ಫೈಬರ್‌ನಿಂದಲ್ಲ, ಅದರೊಳಗೆ ಅಡಗಿರುವ ಮರದಿಂದ. ಎಂಜಿನ್ ಕೂಡಿಸುವ ಹಿಂಬದಿಯ ಗೋಡೆಯಲ್ಲಿ, ನೆಲಹಾಸಿನ ಕೆಳಗಿನ ಉದ್ದ ತೊಲೆಗಳಲ್ಲಿ ಹಲಗೆ ಅಥವಾ ಪ್ಲೈವುಡ್ ಇಟ್ಟು ಮೇಲೆ ಫೈಬರ್ ಹೊದಿಸಿರುತ್ತಾರೆ. ಒಂದು ಸ್ಕ್ರೂ ತೂತಿನಿಂದ ನೀರು ಇಳಿದರೂ ಸಾಕು, ಹೊರಗೆ ಹೊಳಪು ಉಳಿದು ಒಳಗೆ ಮರ ಕೊಳೆಯುತ್ತದೆ. ಎಂಜಿನ್ ಹಿಡಿದು ಅಲುಗಾಡಿಸಿದಾಗ ಹಿಂಬದಿಯ ಗೋಡೆ ಬಾಗಿದರೆ, ನೆಲ ತುಳಿದಾಗ ಮೆತ್ತಗಾದರೆ, ಒಳಬದಿಯಿಂದ ಸಣ್ಣ ತೂತು ಕೊರೆದಾಗ ಕಪ್ಪಗಿನ ಒದ್ದೆ ಪುಡಿ ಬಂದರೆ ಉತ್ತರ ಸಿಕ್ಕಿತು.

ಇನ್ನೊಂದು ಪರೀಕ್ಷೆ ಕಬ್ಬಿನ ನಾಡಿಗೆ ಬಹಳ ಸುಲಭ. ದೋಣಿಯನ್ನು ಟ್ರ್ಯಾಕ್ಟರ್ ಟ್ರೇಲರಿನಲ್ಲಿಟ್ಟು ತೂಕದ ಕಾಟಾ ಮೇಲೆ ಒಯ್ಯಿರಿ, ಆಮೇಲೆ ಬರಿಯ ಟ್ರೇಲರ್ ತೂಗಿರಿ. ಹೊಸದಿದ್ದಾಗಿನ ತೂಕ ಗೊತ್ತಿದ್ದರೆ ಹೆಚ್ಚಾದದ್ದೆಲ್ಲ ಬಹುಮಟ್ಟಿಗೆ ಅಡಗಿದ ನೀರು. ಒಂದು ಲೀಟರ್ ನೀರಿಗೆ ಒಂದು ಕಿಲೋ. 120 ಕಿಲೋ ಹೆಚ್ಚಿದ್ದರೆ ಇಬ್ಬರು ಕಾಣದ ಪ್ರಯಾಣಿಕರು ಸದಾ ದೋಣಿಯಲ್ಲಿ ಕುಳಿತಂತೆ!

ಇನ್ನು ತೇಪೆಯ ಮಾತು. ತೂತಿಗೆ ಲೇಪ ಮೆತ್ತಿ ಬಣ್ಣ ಬಳಿದರೆ ಅದು ರಿಪೇರಿಯಲ್ಲ. ಕೆಟ್ಟ ಪದರವನ್ನೆಲ್ಲ ಉಜ್ಜಿ ತೆಗೆದು, ಅಂಚನ್ನು ಇಳಿಜಾರಾಗಿ ತೆಳುಗೊಳಿಸಿ, ಪೂರ್ತಿ ಒಣಗಿಸಿ, ಅದರ ಮೇಲೆ ಹೊಸ ಪದರಗಳನ್ನು ಕೂಡಿಸಬೇಕು. ಇಳಿಜಾರು ದಪ್ಪದ 12 ಪಟ್ಟು ಇರಬೇಕೆಂಬುದು ಕಸುಬಿನವರ ಲೆಕ್ಕ. ಗೋಡೆ 6 ಮಿಲಿಮೀಟರ್ ದಪ್ಪವಿದ್ದು ತೂತಿನ ವ್ಯಾಸ 10 ಸೆಂಟಿಮೀಟರ್ ಇದ್ದರೆ ಸುತ್ತ 7.2 ಸೆಂಟಿಮೀಟರ್ ಉಜ್ಜಬೇಕು. ತೇಪೆಯ ವ್ಯಾಸ 24.4 ಸೆಂಟಿಮೀಟರ್ ಆಯಿತು. ವಿದ್ಯಾರ್ಥಿಗಳು ವಿಸ್ತೀರ್ಣ ತೆಗೆದು ನೋಡಲಿ, ತೂತಿನ ಸುಮಾರು ಆರು ಪಟ್ಟು! ಚಿಕ್ಕ ಗಾಯಕ್ಕೆ ದೊಡ್ಡ ಮದ್ದು. "ಒಂದೀಟ ತೇಪಿ" ಎಂಬ ಅಂದಾಜು ದಾರಿ ತಪ್ಪುವುದು ಇಲ್ಲಿಯೇ.

ಈ ಕೆಲಸ ಹುಡುಗರ ಆಟವೂ ಅಲ್ಲ. ಗಾಜಿನ ಧೂಳು ಶ್ವಾಸಕೋಶಕ್ಕೂ ಚರ್ಮಕ್ಕೂ ಕೆಟ್ಟದ್ದು. ರಾಳದ ಹೊಗೆ ಮುಚ್ಚಿದ ಕೋಣೆಯಲ್ಲಿ ತಲೆ ಸುತ್ತಿಸುತ್ತದೆ. ರಾಳವನ್ನು ಗಟ್ಟಿಗೊಳಿಸುವ ದ್ರಾವಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಅದನ್ನೂ ವೇಗ ಹೆಚ್ಚಿಸುವ ಕೋಬಾಲ್ಟ್ ದ್ರಾವಣವನ್ನೂ ನೇರವಾಗಿ ಬೆರೆಸಿದರೆ ಸ್ಫೋಟವಾಗಬಹುದು. ಮಕ್ಕಳು ಬಡಿದು ನೋಡಲಿ, ಲೆಕ್ಕ ಬರೆಯಲಿ. ರಾಳದ ಡಬ್ಬಿ ಮಾತ್ರ ಬಲ್ಲವರ ಕೈಯಲ್ಲಿರಲಿ.

ಪರೀಕ್ಷೆ ಮುಗಿದ ಮೇಲೆ ಒಂದು ಹಾಳೆಯಲ್ಲಿ ಲೆಕ್ಕ ಬರೆಯಬೇಕು. ಸಾಮಾನು, ಕೂಲಿ, ಎಂಜಿನ್, ಬಿಚ್ಚಿದ ಮೇಲೆ ಕಾಣಿಸಿಕೊಳ್ಳುವ ಹೊಸ ಕೊರತೆಗಳಿಗಾಗಿ ಒಂದಿಷ್ಟು ಹೆಚ್ಚಿನ ಹಣ. ಪಕ್ಕದಲ್ಲಿ, ಇದೇ ಅಳತೆಯ ಗಟ್ಟಿ ದೋಣಿಯೊಂದನ್ನು ಕೊಳ್ಳುವ ಬೆಲೆ. ಈಗಾಗಲೇ ಹಾಕಿದ ದುಡ್ಡನ್ನು ಈ ಹಾಳೆಯಲ್ಲಿ ಬರೆಯಕೂಡದು. ಅದು ಹೋದದ್ದು ಹೋಯಿತು. ಇಷ್ಟು ಹಾಕಿದ್ದೇವೆ, ಇನ್ನಷ್ಟು ಹಾಕೋಣ ಎಂಬ ಮಾತು ದೋಣಿಗೊಂದೇ ಅಲ್ಲ, ಬತ್ತಿದ ಬೋರ್‌ವೆಲ್ಲಿಗೂ ಮಗನಿಗೆ ಒಗ್ಗದ ಕೋರ್ಸಿಗೂ ಅನೇಕ ಮನೆಗಳನ್ನು ಸಾಲಕ್ಕೆ ನೂಕಿದೆ.

ಕೊನೆಯ ಪ್ರಶ್ನೆಯೇ ದೊಡ್ಡದು. ಈ ದೋಣಿ ಏನನ್ನು ಹೊರಬೇಕು? ಬೇಸಿಗೆಯ ನಿಂತ ನೀರಿನಲ್ಲಿ ಒಬ್ಬನೇ ಈಜು ಬಲ್ಲವನು ಬಲೆ ಬೀಸಲು ಸಾಕಾಗುವ ದೋಣಿ, ಆಗಸ್ಟ್ ತಿಂಗಳ ಕೆಂಪು ನೀರಿನಲ್ಲಿ ಮಕ್ಕಳು-ಮುದುಕರನ್ನು ದಾಟಿಸಲು ಸಾಕಾಗುವುದಿಲ್ಲ. ಜನರನ್ನು ಹೊರುವ ಎಂಜಿನ್ ದೋಣಿಗೆ ತಪಾಸಣೆ, ನೋಂದಣಿ ಬೇಕೆಂದು 2021ರ ಒಳನಾಡು ಹಡಗುಗಳ ಕಾಯ್ದೆ ಹೇಳುವುದು ಸುಮ್ಮನೆ ಅಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ನಡುಗಡ್ಡೆಯ ಬಳಿ ದೋಣಿ ಮಗುಚಿ 16 ಜನ ತೀರಿಕೊಂಡರು. ನೀರು ಎರಡನೆಯ ಅವಕಾಶ ಕೊಡುವುದಿಲ್ಲ.

ಈ ಸೀಮೆಯ ಜನಕ್ಕೆ ಛಲ ಕಡಿಮೆಯಿಲ್ಲ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಆದರೆ ನೀರನ್ನು ತಡೆದು ನಿಲ್ಲಿಸಿದ್ದು ಬರಿಯ ಛಲವಲ್ಲ, ಸರಿಯಾಗಿ ಕಟ್ಟಿದ ಕಟ್ಟಡ. ಹಾಗಾಗಿ ಮೈ ಗಟ್ಟಿಯಿದ್ದು ಮರ ಮಾತ್ರ ಕೆಟ್ಟಿದ್ದರೆ, ಬಲ್ಲ ಕಸುಬುದಾರ ಸಿಕ್ಕರೆ, ಲೆಕ್ಕ ಹೊಂದಿದರೆ ಹಳೆಯ ದೋಣಿಯನ್ನು ಧಾರಾಳವಾಗಿ ಎಬ್ಬಿಸಬಹುದು. ಪದರವೇ ಬಿಟ್ಟಿದ್ದರೆ ಕೈಮುಗಿದು ಬಿಡುವುದು ಲೇಸು. ಹಾಗೆ ಬಿಟ್ಟ ದೋಣಿ ಯಾರೋ ಅರಿಯದವರು ನೆರೆಯ ದಿನ ಅವಸರದಲ್ಲಿ ನೀರಿಗೆ ನೂಕದಂತೆ, ತಳ ಕತ್ತರಿಸಿಯೇ ಇಡಬೇಕು. ಇಪ್ಪತ್ತು ವರ್ಷ ಮನೆಯವರನ್ನು ದಡ ಸೇರಿಸಿದ ದೋಣಿಗೆ ಅದು ಅಗೌರವವೇನೂ ಅಲ್ಲ.